ಅವನು ಬರೆದದ್ದು, ಅವಳು ಹಾಡಿದ್ದು

ತೊಂಬತ್ತರ ದಶಕದಲ್ಲಿ ನಾನು ಒಂದು ರಾಕ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದೆ. ಭಾನುವಾರ ಮಧ್ಯಾಹ್ನ ಅಭ್ಯಾಸಕ್ಕೆಂದು ಹೊಸ ತಿಪ್ಪಸಂದ್ರದಿಂದ ಪುಲಿಕೇಶಿನಗರಕ್ಕೆ ಹೋಗುತ್ತಿದ್ದೆ. ಅಲ್ಲಿ ನಮ್ಮ ಗಿಟಾರಿನವನ ಮನೆಯ ಹಿಂದೆ ಒಂದು ಕಾರ್ ಶೆಡ್ಡಿತ್ತು. ಕಾರು ಯಾವಾಗಲೋ ಮಾರಿಹೋಗಿತ್ತು. ನೆಲದ ಎಣ್ಣೆಯ ಕಲೆಯ ಮೇಲೆ ಚಾಪೆ ಹಾಸಿ ನಾನು ಡ್ರಮ್ಸ್ ಇಡುತ್ತಿದ್ದೆ.

ಹಾಡುವವಳು ಹಲಸೂರಿನವಳು. ಅವಳೂ ಗಿಟಾರಿನವನೂ ಪ್ರೀತಿಸುತ್ತಿದ್ದರು. ಇದ್ದ ಒಂದೇ ಮೈಕಿಗೆ ಇಬ್ಬರೂ ಮುಖ ತಂದಾಗ ಅವನ ಕೂದಲು ಅವಳ ಕಣ್ಣಿಗೆ ಬೀಳುತ್ತಿತ್ತು. "ಮೊದಲು ಕಟಿಂಗ್ ಮಾಡಿಸ್ಕೊಂಡು ಬಾರೋ, ಆಮೇಲೆ ಪ್ರೀತಿ," ಅನ್ನುತ್ತಿದ್ದಳು.

ನಮ್ಮಲ್ಲೊಂದು ಪದ್ಧತಿಯಿತ್ತು. ಹಾಡು ಬರೆದವರು ಅದನ್ನು ತಾವೇ ಹಾಡುವಂತಿಲ್ಲ, ಪಲ್ಲವಿಗೆ ದನಿಗೂಡಿಸಬಹುದು ಅಷ್ಟೆ. ಬರೆದವರಿಗೆ ತಮ್ಮ ಹಾಡಿನ ತಪ್ಪು ಕಾಣುವುದಿಲ್ಲ ಎಂದು ಅವಳೇ ಮಾಡಿದ ನಿಯಮ ಅದು.

ಆಮೇಲೆ ಅವರು ಬೇರೆಯಾದರು. ಯಾಕೆಂದು ನಾನು ಕೇಳಲಿಲ್ಲ. ಬ್ಯಾಂಡು ಉಳಿಯುತ್ತದೋ ಇಲ್ಲವೋ ಎಂಬುದೇ ನನ್ನ ಭಯವಾಗಿತ್ತು. ಆ ಶೆಡ್ಡು ಬಿಟ್ಟರೆ ನನಗೆ ಬೇರೆ ಗೆಳೆಯರಿರಲಿಲ್ಲ.

ಮುಂದಿನ ಭಾನುವಾರ ಅವನು ಹೊಸ ಹಾಡು ತಂದ, ನಮ್ಮ ಎಲ್ಲ ಹಾಡುಗಳ ಹಾಗೆ ಇಂಗ್ಲಿಷಿನಲ್ಲಿ. ಬಿಟ್ಟುಹೋದ ಹುಡುಗಿಯ ಮೇಲಿನ ಸಿಟ್ಟಿನ, ಜೋರಿನ ಹಾಡು. ಅದರಲ್ಲಿ ಅವಳ ಹೆಸರಿರಲಿಲ್ಲ. ಆದರೆ ಹಲಸೂರು ಕೆರೆ ಇತ್ತು, ಅವಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದಿತ್ತು.

ನುಡಿಸಿ ತೋರಿಸಿದ ಮೇಲೆ ಅವನಿಗೆ ಹೊಳೆಯಿತು, ಇದನ್ನು ಹಾಡಬೇಕಾದವಳು ಅವಳೇ ಎಂದು.

"ಇದೊಂದು ನಾನೇ ಹಾಡ್ತೀನಿ," ಎಂದ.

"ಯಾಕೆ? ರೂಲ್ ಅಂದ್ರೆ ರೂಲ್. ನನ್ನನ್ನ ನಾನೇ ಬೈಕೋಬೇಕು, ಅಷ್ಟೇ ತಾನೆ? ಕೊಡು."

ಮೊದಲ ಸಾಲು ಹಾಡಿ ನಿಲ್ಲಿಸಿದಳು. ನನ್ನ ಕಡೆ ತಿರುಗಿ, "ಇಷ್ಟು ಸ್ಪೀಡ್ ಬೇಡ ಕಣೋ. ಬಸ್ ತಪ್ಪಿಹೋಗುತ್ತೆ ಅನ್ನೋ ಹಾಗೆ ಓಡ್ತಿದೆ. ಇವನಿಗೆ ಸಿಟ್ಟಿಲ್ಲ, ಬೇಜಾರು," ಎಂದಳು.

"ನನಗೆ ಸಿಟ್ಟೇ ಇರೋದು! ಮಗಾ, ನೀನು ಮೊದಲಿನ ಹಾಗೇ ಹೊಡಿ," ಎಂದ ಅವನು.

ಹಾಡಿನ ವೇಗ ಡ್ರಮ್ಸಿನವನ ಕೈಯಲ್ಲಿರುತ್ತದೆ. ನಾನು ಕೋಲಿಗೆ ಕೋಲು ತಟ್ಟಿ ತೋರಿಸಿದ ಗತಿಯಲ್ಲೇ ಎಲ್ಲರೂ ಹೊರಡಬೇಕು. ನಿಧಾನವಾಗಿ ತಟ್ಟಿದೆ.

ಅವನು ಶುರು ಮಾಡಲಿಲ್ಲ. ನಾನು ತಟ್ಟುತ್ತಲೇ ಇದ್ದೆ. ಕೊನೆಗೆ ಗಿಟಾರ್ ಬಂತು, ತುಸು ತಡವಾಗಿ. ಬೈಗುಳದಂತಿದ್ದ ಮಾತುಗಳು ಅವಳ ಗಂಟಲಲ್ಲಿ ಯಾರನ್ನೋ ಉಳಿಸಿಕೊಳ್ಳಲು ಬೇಡುವ ಹಾಗೆ ಕೇಳಿದವು. ಪಲ್ಲವಿಗೆ ಎರಡನೇ ದನಿ ಬೇಕಿತ್ತು. ಅವನು ಗೋಡೆಯ ಪಕ್ಕ ದೂರ ನಿಂತಿದ್ದ. ಅವಳು ಅವನನ್ನು ನೋಡದೆಯೇ ಮೈಕಿನಿಂದ ಅರ್ಧ ಪಕ್ಕಕ್ಕೆ ಸರಿದಳು. ಅವನು ಬಂದು ಆ ಜಾಗದಲ್ಲಿ ನಿಂತ.

ಹಾಡು ಮುಗಿದ ಮೇಲೆ ಅವಳು ಕಣ್ಣುಜ್ಜಿಕೊಂಡು, "ಇನ್ನೂ ಕಟಿಂಗ್ ಮಾಡಿಸಿಲ್ಲ," ಎಂದಳು.

ಅವರು ಮತ್ತೆ ಒಂದಾಗಲಿಲ್ಲ. ಬ್ಯಾಂಡು ಉಳಿಯಿತು. ಜನ ಆ ಹಾಡನ್ನೇ ಕೇಳಿ ಹಾಡಿಸುತ್ತಿದ್ದರು. ನಾನು ನಿಧಾನವಾಗಿಯೇ ತಟ್ಟುತ್ತಿದ್ದೆ. ಅವನು ಪ್ರತಿ ಸಲವೂ ತುಸು ತಡವಾಗಿ ಬರುತ್ತಿದ್ದ. ಅವಳೂ ನಾನೂ ಕಾಯುತ್ತಿದ್ದೆವು.