ಉಮ್ಮ್ ಸಲಾಲ್‌ನ ಹೆಸರಿಲ್ಲದ ಗೋರಿಗಳು

ಇವತ್ತು ದೋಹಾದ ಬಿಸಿಗಾಳಿಯಲ್ಲಿ ಬಂದ ಧೂಳಿನ ವಾಸನೆ ನನ್ನನ್ನು ಪಕ್ಕದ ಊರಾದ ಉಮ್ಮ್ ಸಲಾಲ್‌ನ ನಮ್ಮ ಹಳೆಯ ಮನೆಗೆ ಎಳೆದೊಯ್ದಿತು. ಮನೆಯ ಹಿಂದೆ, ಆ ಊರನ್ನು ಮೊದಲು ಕಟ್ಟಿದವರ ಖಬರಸ್ತಾನವಿತ್ತು. ಹೆಸರಿಲ್ಲದ ಒರಟು ಕಲ್ಲುಗಳಷ್ಟೇ.

ಪಕ್ಕದ ಮನೆಯ ಜುಲೇಖಾ ಆಂಟಿ ನಮ್ಮಲ್ಲಿ ಚಹಾ ಕುಡಿಯುತ್ತಾ, "ಅಲ್ಲಿ ಜಿನ್ನ್ ಉಂಟು, ಹಸುಗೂಸಿನ ಹಾಗೆ ಅಳ್ತದೆ" ಎಂದು ನಮ್ಮನ್ನು ಹೆದರಿಸುತ್ತಿದ್ದರು.

ಒಂದು ಸಂಜೆ ಆ ಮಾತು ನನ್ನ ತಾಯಿ, ಉಮ್ಮನ ಕಿವಿಗೆ ಬಿತ್ತು. ಹುಟ್ಟಿದ ದಿನವೇ ತೀರಿಕೊಂಡ ನನ್ನ ತಮ್ಮನನ್ನು ಅಬ್ಬ ಆ ಹೆಸರಿಲ್ಲದ ಕಲ್ಲುಗಳ ನಡುವೆಯೇ ಮಣ್ಣು ಮಾಡಿದ್ದರು. ಆಂಟಿಗೆ ಅದು ಗೊತ್ತಿತ್ತು.

ಉಮ್ಮ ಅವರ ಕೈಯಿಂದ ಲೋಟ ಕಿತ್ತುಕೊಂಡಳು. "ನನ್ನ ಮಗ ಯಾರನ್ನೂ ಹೆದರಿಸುವುದಿಲ್ಲ. ಖಲಾಸ್, ಇನ್ನು ಈ ಬಾಗಿಲಿಗೆ ಬರಬೇಡ."

ಮತ್ತೆ ಅವರಿಬ್ಬರೂ ಮಾತಾಡಲಿಲ್ಲ. ಮೊನ್ನೆ ಮಂಗಳೂರಿನಲ್ಲಿ ಆಂಟಿ ತೀರಿಕೊಂಡರು. ಕತಾರ್ ಬಿಟ್ಟು ನಮ್ಮೂರಿಗೆ ಮರಳಿರುವ ಉಮ್ಮನಿಗೆ ಫೋನ್ ಮಾಡಿ ಹೇಳಿದೆ.

"ಅವಳ ಮಕ್ಕಳಿಗೆ ಹೋಗಿ ನೋಡಲಿಕ್ಕೆ ಒಂದು ಗೋರಿಯಾದರೂ ಉಂಟು" ಎಂದು ಉಮ್ಮ ಫೋನ್ ಇಟ್ಟಳು.