ಕೊರಳ ಗಂಟಿಗೆ ಕೇಳಿದ ಹೂವು

ದೇಶನೂರಿನ ಭತ್ತದ ಗದ್ದೆಗಳಲ್ಲಿ ಬೆರಕೆ ತೆಗೆಯುವ ಹೆಂಗಸರ ಗುಂಪಿಗೆ ಜಡೆಮ್ಮನೇ ಮುಂದಾಳು. ಬೀಜಕ್ಕೆಂದು ಬೆಳೆಸುವ ಭತ್ತದಲ್ಲಿ ಬೇರೆ ತಳಿಯ ಪೈರು ಇರಬಾರದು. ಇದ್ದರೆ ಕಂಪನಿಯವರು ಇಡೀ ಹೊಲವನ್ನೇ ಒಲ್ಲೆ ಎನ್ನುತ್ತಾರೆ. ಅದಕ್ಕೇ ಮೊಣಕಾಲುದ್ದದ ನೀರಿನಲ್ಲಿ ಸಾಲು ಹಿಡಿದು ನಡೆದು, ಪರಪೈರನ್ನು ಬೇರುಸಮೇತ ಕಿತ್ತು ಬದುವಿಗೆ ಎಸೆಯಬೇಕು. ಹುಲ್ಲನ್ನಾದರೆ ಯಾರಾದರೂ ಗುರುತಿಸಿಯಾರು. ಭತ್ತದ ನಡುವೆ ಭತ್ತದ ಹಾಗೆಯೇ ನಿಂತದ್ದನ್ನು ಗುರುತಿಸಲು ಜಡೆಮ್ಮನ ಕಣ್ಣೇ ಬೇಕು. ಅವಳು ಹಾದುಹೋದ ಹೊಲವನ್ನು ಕಂಪನಿಯ ಹುಡುಗರು ಬದುವಿನ ಮೇಲೆ ನಿಂತೇ ನೋಡಿ ಸಹಿ ಹಾಕಿ ಹೋಗುತ್ತಿದ್ದರು.

ಅವಳು ಹುಟ್ಟಿದ್ದು ಕೊಳಗಲ್ಲಿನಲ್ಲಿ. ಹದಿನೆಂಟಕ್ಕೆ ದೇಶನೂರಿನ ಉಜ್ಜಿನಪ್ಪನ ಕೈಹಿಡಿದು ಬಂದು ಮೂವತ್ತು ವರ್ಷವಾಯಿತು. ಹೊಲಗಳಿಗೆ ಕಾಲುವೆ ನೀರು ಬಿಡುವುದು ಉಜ್ಜಿನಪ್ಪನ ಕೆಲಸ. ಮಾತು ಕಮ್ಮಿ, ದೈವಭಕ್ತಿ ಹೆಚ್ಚು. ಜಡೆಮ್ಮನದೂ ಹಾಗೆಯೇ. ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟು ಪೂಜೆಯಾಗದೆ ಒಂದು ಗುಟುಕು ನೀರೂ ಅವಳ ಗಂಟಲಿಗೆ ಇಳಿಯುತ್ತಿರಲಿಲ್ಲ.

ಆ ಗಂಟಲನ್ನು ಮೊದಲು ನೋಡಿದವಳು ಜೊತೆಯ ಕೂಲಿ ಊರಮ್ಮ. ಮಧ್ಯಾಹ್ನ ಬದುವಿನ ಮೇಲೆ ಕುಳಿತು ಜಡೆಮ್ಮ ತಂಬಿಗೆ ಎತ್ತಿ ನೀರು ಕುಡಿಯುತ್ತಿದ್ದಳು.

"ಏನಲೇ ಜಡಿ, ಇಡೀ ಅಡಿಕಿ ನುಂಗೀಯೇನ? ಮ್ಯಾಲೆ ಕೆಳಗ ಓಡಾಡಾಕ ಹತ್ತೈತಿ!"

ಹೆಂಗಸರೆಲ್ಲ ನಕ್ಕರು. ಜಡೆಮ್ಮನೂ ನಕ್ಕಳು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಬರಿಗುಟುಕು ನುಂಗಿದಳು. ಲಿಂಗದ ಶಿವದಾರದ ಮೇಲ್ಗಡೆ, ಎಡಕ್ಕೆ, ಏನೋ ಒಂದು ಎದ್ದು ಮತ್ತೆ ಕುಳಿತಿತು. ಮುಟ್ಟಿದರೆ ನೋವಿಲ್ಲ. ನೋವಿಲ್ಲದ್ದು ರೋಗವೇ ಅಲ್ಲ ಎಂದುಕೊಂಡು ಆರು ತಿಂಗಳು ಸುಮ್ಮನಿದ್ದಳು.

ಸಿರುಗುಪ್ಪದ ಡಾಕ್ಟರು ರಕ್ತ ತೆಗೆಸಿ, ಥೈರಾಯ್ಡ್ ಸರಿಯಾಗೇ ಕೆಲಸ ಮಾಡುತ್ತಿದೆ, ಆದರೂ ಗಂಟನ್ನು ಬಳ್ಳಾರಿಯಲ್ಲಿ ತೋರಿಸಿ ಎಂದರು. ಬಳ್ಳಾರಿಯಲ್ಲಿ ಕೊರಳಿಗೆ ತಣ್ಣನೆಯ ಅಂಟು ಹಚ್ಚಿ ಸ್ಕ್ಯಾನ್ ಮಾಡಿದರು. ಆಮೇಲೆ ಸಣ್ಣ ಸೂಜಿ ಚುಚ್ಚಿ ಗಂಟಿನೊಳಗಿಂದ ನೀರಿನಂಥ ಏನನ್ನೋ ಎಳೆದುಕೊಂಡರು. ಸೂಜಿ ಚುಚ್ಚಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಎಂದು ಬಸ್ಸಿನಲ್ಲಿ ಯಾರೋ ಉಜ್ಜಿನಪ್ಪನಿಗೆ ಹೇಳಿದ್ದರು. ಅದನ್ನೇ ಅವನು ಡಾಕ್ಟರಿಗೆ ಹೇಳಿದ.

"ಹರಡಲ್ಲ ಯಜಮಾನ್ರೇ. ಈ ಸೂಜಿ ಕೂದಲಿನಷ್ಟು ತೆಳ್ಳಗಿರುತ್ತೆ," ಎಂದರು ಡಾಕ್ಟರ್ ಅರುಣಾ. ನಡುವಯಸ್ಸಿನ ಹೆಂಗಸು. ಅವಸರವಿಲ್ಲದೆ ಮಾತಾಡುತ್ತಿದ್ದರು. "ಇಂಥ ಗಂಟು ಎಷ್ಟೋ ಹೆಂಗಸರಿಗೆ ಇರುತ್ತೆ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಗಂಟುಗಳು ಏನೂ ಮಾಡಲ್ಲ, ಸುಮ್ಮನೆ ಇದ್ದುಬಿಡ್ತವೆ. ಭಯ ಬೇಡ. ವಾರ ಬಿಟ್ಟು ಬನ್ನಿ."

ವಾರ ಬಿಟ್ಟು ಹೋದಾಗ ಅರುಣಾ ಕಾಗದವನ್ನು ಎರಡು ಸಲ ಓದಿದರು. ಓದಿ ಅದರ ಹಿಂದೆ ಪೆನ್ನಿನಲ್ಲಿ ಒಂದು ಗುಂಡಗಿನ ಗೆರೆ ಬರೆದರು.

"ನೋಡಮ್ಮ, ಇದು ಗಂಟು. ಇದರ ಸುತ್ತ ಒಂದು ಸಿಪ್ಪೆ ಇದೆ. ಸೂಜಿಯಲ್ಲಿ ಬಂದ ಕಣಗಳನ್ನ ನೋಡಿದ್ರೆ ಕ್ಯಾನ್ಸರ್ ಹೌದು ಅನ್ನೋಕೂ ಆಗಲ್ಲ, ಅಲ್ಲ ಅನ್ನೋಕೂ ಆಗಲ್ಲ. ಎರಡರಲ್ಲೂ ಕಣ ಒಂದೇ ಥರ ಕಾಣ್ತವೆ. ಈ ಸಿಪ್ಪೆ ದಾಟಿ ಹೊರಗೆ ಹೋಗಿದ್ರೆ ಕ್ಯಾನ್ಸರ್. ದಾಟದೇ ಇದ್ರೆ ಅಲ್ಲ. ಅದನ್ನ ನೋಡಬೇಕಂದ್ರೆ ಆ ಕಡೆಯ ಅರ್ಧ ಥೈರಾಯ್ಡ್ ತೆಗೆದು, ಇಡೀ ಗಂಟನ್ನ ಪರೀಕ್ಷೆ ಮಾಡಬೇಕು."

ಉಜ್ಜಿನಪ್ಪ ಗೆರೆಯನ್ನೇ ನೋಡುತ್ತಿದ್ದ. ಜಡೆಮ್ಮ ಮೆಲ್ಲಗೆ ಕೇಳಿದಳು: "ಬೆರಕಿ ಇದ್ದಂಗ ಅನ್ರಿ ಮೇಡಮ್ಮಾರ. ಕೆಲವು ಬೆರಕಿ ನೆಲ್ಲು ತೆನಿ ಬಿಡೋತನಕ ಯಾರ ಕಣ್ಣಿಗೂ ತಿಳಿಯಂಗಿಲ್ಲ."

"ಹೂಂ ಅಮ್ಮ. ಹಾಗೇ."

"ತೆನಿ ಬಿಟ್ಟ ಮ್ಯಾಲೆ ಕಿತ್ತರ ತಡ ಆಗಿರತೈತ್ರಿ."

ಅರುಣಾ ಪೆನ್ನು ಕೆಳಗಿಟ್ಟರು. "ಅದಕ್ಕೇ ಈಗಲೇ ತೆಗೆಯೋಣ ಅಂತೀನಿ. ನಾಲ್ಕು ಜನರಲ್ಲಿ ಒಬ್ಬರಿಗೆ ಕ್ಯಾನ್ಸರ್ ಇರಬಹುದು. ಮೂವರಿಗೆ ಇರಲ್ಲ."

"ಅಂದ್ರ ಮೂರು ಮಂದಿ ಸುಮ್ನ ಕೊಳ್ಳು ಕೊಯ್ಸಿಕೊಳ್ಳಬೇಕೇನ್ರಿ?" ಎಂದ ಉಜ್ಜಿನಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಯಾರಾದರೂ ಇಲ್ಲ ಎಂದುಬಿಟ್ಟರೆ ಸಾಕು ಎಂಬಂತೆ ಕೇಳಿದ್ದ. ಡಾಕ್ಟರ್ ಇಲ್ಲ ಎನ್ನಲಿಲ್ಲ.

ಊರಿಗೆ ಬಂದ ಮೇಲೆ ಉಜ್ಜಿನಪ್ಪ ಊಟ ಬಿಟ್ಟ. ಎರಡು ತುತ್ತಿಗೇ ತಟ್ಟೆಯಲ್ಲಿ ಕೈ ತೊಳೆಯುತ್ತಿದ್ದ. ಒಂದು ಗದ್ದೆಗೆ ಬಿಡಬೇಕಾದ ನೀರನ್ನು ಇನ್ನೊಂದಕ್ಕೆ ಬಿಟ್ಟು ಬೈಸಿಕೊಂಡ. ಹತ್ತನೇ ದಿನ ಕುರುಗೋಡಿನಿಂದ ಅವನ ಅಕ್ಕ ಎರ್ರಮ್ಮ ಬಂದಳು. ತಮ್ಮನ ಮುಖ ನೋಡಿ, ಗಂಡನ ಅಕ್ಕನೆಂಬ ಅಧಿಕಾರದಿಂದ ಜಡೆಮ್ಮನನ್ನೇ ಗದರಿದಳು.

"ರೋಗ ನಿನಗ, ಸೊರಗಾಂವ ನನ್ನ ತಮ್ಮ! ನಡೀರಿಬ್ಬರೂ. ನಮ್ಮೂರ ಹೊರಗಿನ ವೀರಭದ್ರಗ ಹೂವ ಕೇಳಾನ. ಡಾಕ್ಟರು ಹೇಳದ್ದನ್ನ ಅವನು ಹೇಳ್ತಾನ."

ಮರುದಿನ ಸೋಮವಾರ ಮೂವರೂ ಕುರುಗೋಡಿನ ಆ ಸಣ್ಣ ಗುಡಿಯಲ್ಲಿ ಕುಳಿತರು. ಹೂವು ಕೇಳುವುದೆಂದರೆ, ದೇವರ ಎದೆಯ ಮೇಲೆ ನೀರಿನಲ್ಲಿ ನೆನೆಸಿದ ಹೂವು ಅಂಟಿಸಿ, ಮನಸ್ಸಿನಲ್ಲಿ ಕೇಳಿಕೊಂಡು ಕಾಯುವುದು. ಬಲಕ್ಕೆ ಬಿದ್ದರೆ ದೇವರು ಹೂಂ ಎಂದ ಹಾಗೆ. ಎಡಕ್ಕಾದರೆ ಬೇಡ ಎಂದ ಹಾಗೆ. ಪೂಜಾರಿ ಗವಿಸಿದ್ದಪ್ಪ ಹೂವು ಇಟ್ಟು ಹಿಂದೆ ಸರಿದ. "ಗಂಡ ಹೆಂಡ್ತಿ ಇಬ್ಬರೂ ಒಂದ ಮನಸ್ನಾಗ ಕೇಳ್ಕೊಳ್ರಿ. ಬಾಯಿ ಬಿಡಬ್ಯಾಡ್ರಿ."

ಜಡೆಮ್ಮ ಕಣ್ಣು ಮುಚ್ಚಿದಳು. 'ಅಪ್ಪಾ, ಕೊಯ್ಸಿಕೊಂಡು ಬರಲೇನು?' ಎಂದು ಕೇಳಿದಳು. ಎಷ್ಟು ಹೊತ್ತಾಯಿತೋ. ಟಪ್ಪೆಂಬ ಸಪ್ಪಳವೂ ಇಲ್ಲದೆ ಹೂವು ಬಲಕ್ಕೆ ಜಾರಿತು. ಹೋಗು ಎಂದಿದ್ದ ದೇವರು.

ಉಜ್ಜಿನಪ್ಪ ನೆಲಕ್ಕೆ ಹಣೆ ಹಚ್ಚಿ ಎದ್ದಾಗ ಅವನ ಕಣ್ಣಲ್ಲಿ ನೀರಿತ್ತು. ಗುಡಿಯ ಮೆಟ್ಟಿಲಿಳಿಯುವ ಮೊದಲೇ ಅಂದ: "ಬಿಟ್ಟುಬಿಡ್ಲೇನಪ್ಪಾ ಅಂತ ಕೇಳಿದ್ದೆ. ಬಿಡು ಅಂದ ನೋಡಕ್ಕ! ಏನೂ ಮಾಡಂಗಿಲ್ಲ ಆ ಗಂಟು."

"ನಾ ಅಂದಿದ್ದಿಲ್ಲೇನ?" ಎಂದಳು ಎರ್ರಮ್ಮ.

ಜಡೆಮ್ಮ ಬಾಯಿ ತೆರೆದಳು. ಗಂಡ ಆಗಲೇ ಪ್ರಸಾದದ ಕೊಬ್ಬರಿಯನ್ನು ಹಸಿದವನಂತೆ ಅಗಿಯುತ್ತಿದ್ದ. ಹನ್ನೊಂದು ದಿನದ ಮೇಲೆ ಅವನು ಮನಸಾರೆ ತಿನ್ನುತ್ತಿರುವುದನ್ನು ಅವಳು ನೋಡಿದ್ದು ಅದೇ ಮೊದಲು. ತೆರೆದ ಬಾಯಿ ಹಾಗೇ ಮುಚ್ಚಿತು. ಒಂದೇ ಹೂವಿಗೆ ಎರಡು ಮಾತು ಕೇಳಿದ್ದು ತಮ್ಮ ತಪ್ಪು, ದೇವರದ್ದಲ್ಲ ಎಂದು ಅವಳಿಗೆ ಅನ್ನಿಸಿತು. ಮನೆಗೆ ಹೋಗಿ ಹೇಳಿದರಾಯಿತು ಎಂದುಕೊಂಡಳು.

ಮನೆಗೆ ಹೋಗಿಯೂ ಹೇಳಲಿಲ್ಲ. ನಾಳೆ ಎಂದಳು, ಅಮಾವಾಸ್ಯೆ ಕಳೆಯಲಿ ಎಂದಳು, ನಾಟಿ ಮುಗಿಯಲಿ ಎಂದಳು. ಗಂಡನ ಮೇಲಿನ ಕರುಣೆಯಷ್ಟೇ ಇದಕ್ಕೆ ಕಾರಣವಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳಿಗೂ ಕತ್ತಿಯ ಭಯವಿತ್ತು. ಗಂಡ ಕೇಳಿದ್ದಕ್ಕೇ ದೇವರು ಹೂವು ಕೊಟ್ಟಿದ್ದರೆ ಎಷ್ಟು ಚೆನ್ನ ಎಂದು ಅವಳ ಮನಸ್ಸೂ ಒಳಗೊಳಗೇ ಬೇಡುತ್ತಿತ್ತು. ಪ್ರತಿ ದಿನ ಅಂಗೈಯ ಲಿಂಗದ ಮುಂದೆ ಕುಳಿತಾಗ ಕೇಳಲು ಬೇರೆ ಮಾತೇ ಇರುತ್ತಿರಲಿಲ್ಲ. ಅಂಗೈಯೊಳಗಿನ ದೇವರು ಹೂವು ಬೀಳಿಸುವ ದೇವರಲ್ಲ.

ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂತು. ಕೊಯ್ಸದಿದ್ದರೂ ಆರು ತಿಂಗಳಿಗೊಮ್ಮೆ ಸ್ಕ್ಯಾನಿಗಾದರೂ ಬನ್ನಿ ಎಂದರು. "ನಮಗ ಅಪ್ಪಣಿ ಆಗೈತ್ರಿ," ಎಂದು ಉಜ್ಜಿನಪ್ಪ ನಯವಾಗಿ ಫೋನ್ ಇಟ್ಟ.

ಮುಂದಿನ ಬೆರಕೆಯ ಕಾಲ ಬಂತು. ಗಂಟು ಈಗ ನಿಂಬೆಕಾಯಿಯಷ್ಟಾಗಿತ್ತು. ಬದುವಿನ ಮೇಲೆ ಊರಮ್ಮ ನಗೆಚಾಟಿಕೆ ಮಾಡುವುದನ್ನು ಬಿಟ್ಟಿದ್ದಳು. ಜಡೆಮ್ಮ ನೀರು ಕುಡಿಯುವಾಗ ಆ ಕಡೆ ಮುಖ ತಿರುಗಿಸುತ್ತಿದ್ದಳು. ರೊಟ್ಟಿ ಸರಾಗ ಇಳಿಯುತ್ತಿರಲಿಲ್ಲ. ಜಡೆಮ್ಮ ಗಂಡನಿಗೆ ಕಾಣದಂತೆ ಅದನ್ನು ಮಜ್ಜಿಗೆಯಲ್ಲಿ ನೆನೆಸಿ ತಿನ್ನುತ್ತಿದ್ದಳು. ಒಂದು ದಿನ ಅವನು ಕಾಲುವೆಯಿಂದ ಬೇಗ ಬಂದ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ.

"ಎಷ್ಟು ದಿನ ಆತು ಹಿಂಗ ತಿನ್ನಾಕ ಹತ್ತಿ?"

"ಹಲ್ಲು ನೋವ್ರಿ."

"ಹಲ್ಲು ಕೊಳ್ಳಾಗ ಇರ್ತಾವೇನಲೇ?"

ಅವನು ಒಳಗೆ ಬಂದ. ಅಕ್ಕಿ ಡಬ್ಬಿಯ ಹಿಂದಿದ್ದ ಆಸ್ಪತ್ರೆಯ ಫೈಲು ತೆಗೆದು ಧೂಳು ಒರೆಸಿ ಚೀಲಕ್ಕೆ ಹಾಕಿದ. "ಮುಂಜಾಲೆ ಹೋಗಾನ ನಡಿ." ಅಕ್ಕನನ್ನು ಕೇಳಲಿಲ್ಲ, ಪೂಜಾರಿಯನ್ನೂ ಕೇಳಲಿಲ್ಲ. ದೇವರ ಅಪ್ಪಣೆ ಮೀರಿ ಹೊರಟಿದ್ದೇನೆ ಎಂಬ ಅಂಜಿಕೆ ಬಸ್ಸಿನುದ್ದಕ್ಕೂ ಅವನ ಮುಖದಲ್ಲಿತ್ತು. ಅದನ್ನು ಒಂದೇ ಮಾತಿನಲ್ಲಿ ಇಳಿಸಬಹುದಿತ್ತು ಜಡೆಮ್ಮ. ಆದರೆ ಆ ಮಾತಿಗೆ ಈಗ ಒಂದು ವರ್ಷ ವಯಸ್ಸಾಗಿತ್ತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅವನು ಕೇಳಿಯೇ ಕೇಳುತ್ತಿದ್ದ.

ಆಪರೇಷನ್ನಿನ ದಿನ ಕೊರಳಲ್ಲಿ ಏನೂ ಇರಬಾರದು ಎಂದರು. ತಾಳಿಯನ್ನು ಬಿಚ್ಚಿ ಗಂಡನ ಅಂಗೈಯಲ್ಲಿಟ್ಟಳು. ಲಿಂಗ ಬಿಚ್ಚಲಾರೆ ಎಂದು ಅತ್ತಾಗ, ವಯಸ್ಸಾದ ನರ್ಸೊಬ್ಬಳು ಅದನ್ನು ಗಾಯಕ್ಕೆ ಸುತ್ತುವ ಬಿಳಿ ಬಟ್ಟೆಯಲ್ಲಿ ಸುತ್ತಿ ಎಡತೋಳಿಗೆ ಕಟ್ಟಿದಳು. "ಮೈಮ್ಯಾಲೆ ಇದ್ರ ಆತಲ್ಲ? ಅಳಬ್ಯಾಡ್ರಿ ಯವ್ವಾ."

ಹನ್ನೆರಡು ದಿನಕ್ಕೆ ಗಂಟಿನ ವರದಿ ಬಂತು. ಈ ಸಲ ಡಾಕ್ಟರ್ ಅರುಣಾ ಅದನ್ನು ಎರಡು ಸಲ ಓದಲಿಲ್ಲ.

"ಸಿಪ್ಪೆ ದಾಟಿದೆ ಅಮ್ಮ. ಪಕ್ಕದ ರಕ್ತನಾಳಗಳಲ್ಲೂ ಒಂದಿಷ್ಟು ಇದೆ. ಕ್ಯಾನ್ಸರೇ. ಉಳಿದ ಅರ್ಧವನ್ನೂ ತೆಗೀಬೇಕು. ಆಮೇಲೆ ಅಯೋಡಿನ್ ಔಷಧಿ ಕೊಡ್ತಾರೆ. ಬದುಕೋದಕ್ಕೆ ದಾರಿ ಇದೆ, ತುಂಬ ಜನ ಚೆನ್ನಾಗಿದ್ದಾರೆ. ಆದ್ರೆ ತಪ್ಪದೇ ಬರಬೇಕು. ಜೀವ ಇರೋವರೆಗೂ ಮಾತ್ರೆ ನುಂಗಬೇಕು."

ಜಡೆಮ್ಮ ತಲೆಯಾಡಿಸಿದಳು. ಉಜ್ಜಿನಪ್ಪ ಕೇಳಿದ: "ಮೇಡಮ್ಮಾರ, ಹೋದ ವರ್ಷನ ಬಂದಿದ್ರ?"

"ಅದನ್ನ ಹೇಳೋಕೆ ಆಗಲ್ಲ ಯಜಮಾನ್ರೇ. ಹೋದ ವರ್ಷವೇ ದಾಟಿತ್ತೋ, ಈ ವರ್ಷ ದಾಟಿತೋ, ತೋರಿಸೋ ಪರೀಕ್ಷೆ ಯಾವುದೂ ಇಲ್ಲ."

ದಾಟಿತ್ತು ಎಂದಿದ್ದರೂ ಅವನು ತಡೆದುಕೊಳ್ಳುತ್ತಿದ್ದ, ದಾಟಿರಲಿಲ್ಲ ಎಂದಿದ್ದರೂ ತಡೆದುಕೊಳ್ಳುತ್ತಿದ್ದ. ಇದನ್ನು ಎಲ್ಲಿ ಹಿಡಿಯಬೇಕು ಎಂದು ಅವನಿಗೆ ತಿಳಿಯಲಿಲ್ಲ. ಮಾತ್ರೆ ಕೊಳ್ಳಲೆಂದು ಹೆಂಡತಿಯ ಜೊತೆ ಬಳ್ಳಾರಿಯ ಬ್ರೂಸ್‌ಪೇಟೆಯ ಓಣಿಯಲ್ಲಿ ನಡೆಯುತ್ತಿದ್ದವನು, ಬಾಗಿಲು ಹಾಕಿದ ಒಂದು ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕುಳಿತ. ಚೀಲ ಹೊತ್ತ ಹಮಾಲರು ಅವರಿಬ್ಬರನ್ನು ಬಳಸಿಕೊಂಡು ಹೋದರು.

"ನನ್ನ ಕೈಯಾರ ಮಾಡಿದ್ನೇನ ಜಡೆಮ್ಮ ಇದನ್ನ?"

ಅವಳು ಪಕ್ಕದಲ್ಲಿ ಕುಳಿತಳು. ಕೊರಳಿನ ಹೊಲಿಗೆ ಎಳೆಯುತ್ತಿತ್ತು.

"ನಾ ಬಿಡ್ಲೇನ ಅಂದೆ. ಹೂವ ಕೊಟ್ಟ. ನೀ? ನೀ ಏನ್ ಕೇಳಿದ್ದಿ ಅವತ್ತು? ನಾ ಇಲ್ಲೀತನಕ ಕೇಳೇ ಇಲ್ಲಲ್ಲ."

ಅವಳ ಮನಸ್ಸಿನಲ್ಲಿ ಗುಡಿ ಬರಲಿಲ್ಲ, ದೇವರೂ ಬರಲಿಲ್ಲ. ಪಕ್ಕದಲ್ಲಿ ಗಂಡ ಮಾತ್ರೆಯ ಚೀಟಿಯನ್ನು ಮಡಚುತ್ತ ಬಿಚ್ಚುತ್ತ ಇದ್ದ. ಸುಳ್ಳು ಹೇಳುವವಳಲ್ಲ ಅವಳು. ಹೇಳಿದ ಮೇಲೆ ಯಾರ ಮುಂದೆ ತಪ್ಪು ಒಪ್ಪಿಕೊಳ್ಳಬೇಕೋ ಅವನು ಲಿಂಗವಾಗಿ ಎದೆಯ ಮೇಲೇ ತೂಗುತ್ತಿದ್ದ.

"ನಾನೂ ಅದನ್ನ ಕೇಳಿದ್ದೆ ನೋಡ್ರಿ," ಎಂದಳು. "ಬಿಟ್ಟುಬಿಡ್ಲೇನಪ್ಪಾ ಅಂತ."

ಉಜ್ಜಿನಪ್ಪ ಅವಳ ಮುಖವನ್ನು ದಿಟ್ಟಿಸಿದ. ನಂಬಿದನೋ, ನಂಬಲೇಬೇಕೆಂದು ನಂಬಿದನೋ, ಅದು ಅವಳಿಗೆ ಗೊತ್ತಾಗಲಿಲ್ಲ.

"ಇನ್ನರ್ಧಕ್ಕ ಎಂದು ಬರ್ರಿ ಅಂದ್ರು?" ಎಂದು ಕೇಳಿದ ಕೊನೆಗೆ.

"ಬರೋ ಗುರುವಾರ."

"ಬುಧವಾರನ ಬಂದು ಇಲ್ಲೇ ಉಳಿಯಾನ. ಬಸ್ಸು ತಡ ಆದೀತು."

ಅವನು ಎದ್ದ. ಅವಳಿಗೆ ಏಳಲು ಕೈ ಕೊಟ್ಟ. ಇಬ್ಬರೂ ಔಷಧಿ ಅಂಗಡಿ ಹುಡುಕುತ್ತ ಓಣಿಯಲ್ಲಿ ಮುಂದಕ್ಕೆ ಹೋದರು.