ಪಾಟಿಯ ಮೇಲಿನ ಜರ್ಮನ್

ಮೊನ್ನೆ ಮೊಮ್ಮಗಳು ನನ್ನ ಪಕ್ಕ ಕೂತು ಒದ್ದೆ ಬಟ್ಟೆಯಿಂದ ಪಾಟಿ ಒರೆಸುತ್ತಿದ್ದಳು. ನೆನೆದ ಕಲ್ಲು, ಬಳಪದ ಪುಡಿ ಕೂಡಿದ ಆ ವಾಸನೆ ಬಂದದ್ದೇ ತಡ, ಕೈಯಲ್ಲಿದ್ದ ಪೇಪರು ಕೆಳಗಿಟ್ಟೆ. ಉಳಿದವರಿಗೆ ಆ ವಾಸನೆಯಿಂದ ಒಂದನೆಯ ಇಯತ್ತೆ ನೆನಪಾಗಬಹುದು. ನನಗೆ ನೆನಪಾಗುವುದು ಜರ್ಮನ್ ಭಾಷೆ, ಅದನ್ನು ಕಲಿಸಿದ ಅಕ್ಕೋರು...

ನಾನು ಗಡಹಿಂಗ್ಲಜದ ಹತ್ತಿರದ ನೂಲ ಎಂಬ ಊರಿನವನು. ಕಬ್ಬು ಬೆಳೆದು ಬೆಲ್ಲ ಮಾಡುವ ಜೈನರ ಮನೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದವನು ನಾನೇ ಮೊದಲಿಗ. ಕೊಲ್ಹಾಪುರದಲ್ಲಿ ಬೋರ್ಡಿಂಗಿನ ಅನ್ನ ಉಂಡು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದೆ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ, ಪುಕ್ಕಟೆ ಬಂದದ್ದಲ್ಲ ಅದು. ಆದರೆ ಯುದ್ಧದ ಕಾಲ, ಕೆಲಸ ಸಿಗಲಿಲ್ಲ. ಊರಿಗೆ ಹೋದರೆ ಚಾವಡಿಯಲ್ಲಿ ಕೂತವರು ಅಪ್ಪನಿಗೆ ಕೇಳಿಸುವಂತೆಯೇ ಅನ್ನುತ್ತಿದ್ದರು: “ಇಷ್ಟ ಓದಿ ಕಡೀಕ ಕಬ್ಬ ಕಡಿಯೂದ ಬಂತಲ್ಲೋ ತಮ್ಮಾ.” ಅಪ್ಪ ಚಾವಡಿಯ ದಾರಿಯನ್ನೇ ಬಿಟ್ಟುಬಿಟ್ಟ.

ಇಚಲಕರಂಜಿಯಲ್ಲಿ ಬಣ್ಣದ ಕಾರ್ಖಾನೆಯ ಸಾವಕಾರರೊಬ್ಬರಿದ್ದರು. ಯುದ್ಧದಿಂದ ಜರ್ಮನಿಯ ಬಣ್ಣ ಬರುವುದು ನಿಂತು, ಸಿಕ್ಕ ಬಣ್ಣದಲ್ಲಿ ಅದ್ದಿದ ದಾರದ ಕೆಂಪು ಅಂಚು ಮೊದಲ ಒಗೆತಕ್ಕೇ ಸೀರೆಯ ಬಿಳಿ ಒಡಲಿಗೆ ಇಳಿಯುತ್ತಿತ್ತು. ಹಳೆಯ ಬಣ್ಣದ ಡಬ್ಬಿಗಳ ಜೊತೆ ಬಂದಿದ್ದ ಒಂದು ದಪ್ಪ ಜರ್ಮನ್ ಪುಸ್ತಕವನ್ನು ಅವರು ನನ್ನ ಮುಂದೆ ಇಟ್ಟರು.

“ಬಣ್ಣ ಕಚ್ಚಿಸೂ ಉಪಾಯ ಎಲ್ಲಾ ಇದರಾಗ ಐತಂತ. ಓದಿ ಹೇಳಿದಿ ಅಂದ್ರ ಕೆಲಸ ನಿಂದು. ಇಲ್ಲಾಂದ್ರ ಊರಾಗ ಕಬ್ಬ ಕಾಯಾಕತ್ತಾವಲ್ಲ.”

ದಾರಿಯನ್ನೂ ಅವರೇ ತೋರಿಸಿದರು. ಯುದ್ಧದಲ್ಲಿ ಮನೆಮಠ ಕಳೆದುಕೊಂಡ ಪೋಲಂಡದ ಜನರನ್ನು ಕೊಲ್ಹಾಪುರದ ಹತ್ತಿರ ವಳಿವಡೆಯ ಕ್ಯಾಂಪಿನಲ್ಲಿ ಇಟ್ಟಿದ್ದರು. ಅಲ್ಲಿಗೆ ಬಟ್ಟೆ ಮಾರಲು ಹೋಗುತ್ತಿದ್ದ ಸಾವಕಾರರಿಗೆ, ತಮ್ಮ ದೇಶದ ಶಾಲೆಯಲ್ಲಿ ಜರ್ಮನ್ ಕಲಿಸುತ್ತಿದ್ದ ಒಬ್ಬ ಅಕ್ಕೋರು ಅಲ್ಲಿದ್ದಾರೆಂದು ಗೊತ್ತಿತ್ತು.

ಪುಸ್ತಕ ಹಿಡಿದು ಕ್ಯಾಂಪಿನ ಅವರ ಕೋಣೆಗೆ ಹೋದೆ. ಅಕ್ಕೋರು ಒಂದೆರಡು ಹಾಳೆ ತಿರುವಿ ಅದನ್ನು ಮುಚ್ಚಿಟ್ಟರು. ಆಮೇಲೆ ಬಜಾರದಲ್ಲಿ ಕಲಿತ ತುಂಡು ಮರಾಠಿಯಲ್ಲಿ, “ಲಿಹಿಣಾರ. ಬೋಲಣಾರ ನಾಹೀ” ಎಂದರು. ಬರೆಯುತ್ತೇನೆ, ಮಾತಾಡುವುದಿಲ್ಲ.

ಹಾಗೆಯೇ ನಡೆಯಿತು. ಒಂದು ಪಾಟಿ ಇಟ್ಟುಕೊಂಡು ಜರ್ಮನ್ ಮಾತು ಬರೆಯುವರು. ಅರ್ಥವನ್ನು ಕೈಸನ್ನೆಯಲ್ಲೋ, ಮರಾಠಿಯಲ್ಲೋ, ಅಷ್ಟಿಷ್ಟು ಇಂಗ್ಲಿಷಿನಲ್ಲೋ ಹೇಳುವರು. ನಾನು ಹಾಳೆಗೆ ಇಳಿಸಿಕೊಂಡೆನೋ ಇಲ್ಲವೋ, ಒದ್ದೆ ಬಟ್ಟೆಯಿಂದ ಒರೆಸಿಬಿಡುವರು. ಆ ಭಾಷೆ ಅವರ ಕೋಣೆಯಲ್ಲಿ ಒಂದು ಗಳಿಗೆಯೂ ಹೆಚ್ಚಿಗೆ ಉಳಿಯಬಾರದು. ಒಮ್ಮೆ ನಾನು ಬಾಯಿಬಿಟ್ಟು ಓದಲು ಹೋದೆ. ಅವರ ಮುಖ ಬಿಳಚಿಕೊಂಡಿತು. ತುಟಿಯ ಮೇಲೆ ಬೆರಳಿಟ್ಟರು. ಮತ್ತೆ ನಾನು ಆ ತಪ್ಪು ಮಾಡಲಿಲ್ಲ.

ಕಾರ್ಖಾನೆಯಲ್ಲಿ ಬಣ್ಣ ಹಾಕುವವರು ಕಾಡುತ್ತಿದ್ದರು. “ಒಂದ ಮಾತ ಜರ್ಮನ್ ಆಡ್ರೀ ಸಾಹೇಬ್ರ, ಕೇಳೂಣು.” ನಾನು ಸುಮ್ಮನಿದ್ದರೆ, “ಮೂಕರ ಭಾಷಾ ಇರಬೇಕ ಬಿಡ್ರೋ ಅದು” ಎಂದು ನಗುವರು. ಊರಿಗೆ ಹೋದಾಗ ಅವ್ವನ ಮುಂದೆ ತೋಡಿಕೊಂಡೆ. ಓದು ಬರಹ ತಿಳಿಯದ ಅವ್ವ ಮಾತ್ರ ನಗಲಿಲ್ಲ.

“ಅದು ನೇಮೋ ಮಗನ. ನಾವು ಉಳ್ಳಾಗಡ್ಡಿ ಬಿಟ್ಟಂಗ ಅವ್ರು ಮಾತ ಬಿಟ್ಟಾರ. ಕಲಿಸಿದವ್ರ ಮನೀಗೆ ಬರಿಗೈಲೆ ಹೊಕ್ಕಿ ಏನು? ನಡಿ, ನಾನೂ ಬರ್ತೀನಿ.”

ಬೆಲ್ಲ ಕಟ್ಟಿಕೊಂಡು ಬಂದಳು. ಕ್ಯಾಂಪಿನ ಕೋಣೆಯಲ್ಲಿ ನೆಲಕ್ಕೆ ಕೂತು, ನಾನು ಕೇಳಲು ಅಂಜಿದ್ದನ್ನು ನೇರವಾಗಿ ಕೇಳಿದಳು: “ಯಾರ ಸಲುವಾಗಿ ಹಿಡದೀರಿ ಅಕ್ಕೋರ ಈ ನೇಮ? ಯಾವಾಗ ಬಿಡ್ತೀರಿ?” ಅವಳ ಮಾತನ್ನು ನಾನು ಮರಾಠಿಯಲ್ಲಿ ಹೇಳಿದೆ.

ಅವರು ತುಂಡು ಮಾತಿನಲ್ಲಿ ಹೇಳಿದ್ದು ಇಷ್ಟು: ಅಕ್ಕೋರಿಗೆ ಒಬ್ಬನೇ ಮಗ. ಜರ್ಮನ್ ಸೈನಿಕರು ಬಾಗಿಲಿಗೆ ಬಂದು, ಆಕೆ ಮಕ್ಕಳಿಗೆ ಕಲಿಸುತ್ತಿದ್ದ ಅದೇ ಭಾಷೆಯಲ್ಲಿ ಅವನ ಹೆಸರು ಕೂಗಿದರಂತೆ. ಅವನು ಮೆಟ್ಟಿಲಿಳಿದು ಹೋದ... ಆಮೇಲೆ ಸುದ್ದಿಯಿಲ್ಲ. ಅವನು ಸಿಗುವ ತನಕ ಆ ಭಾಷೆ ಬಾಯಿಗಿಲ್ಲ.

ಅವ್ವ ಬೆಲ್ಲ ಮುರಿದು ಅವರ ಕೈಗಿಟ್ಟಳು. ತನ್ನ ಪಾಲಿನ ಚೂರನ್ನು ತಿನ್ನಲಿಲ್ಲ. “ನಿಮ್ಮ ಮಗ ಸಿಕ್ಕ ಸುದ್ದಿ ಬರೂತನಕ ನಾನೂ ಇದನ್ನ ಬಾಯಾಗ ಹಾಕೂದಿಲ್ಲ.” ನಾನು ಅದನ್ನೂ ಹೇಳಿದೆ. ಅಕ್ಕೋರು ಅವ್ವನ ಎರಡೂ ಕೈ ಹಿಡಿದುಕೊಂಡು ಕೂತರು.

ಹೊರಗೆ ಬಂದ ಮೇಲೆ ನಾನು ಬೈದೆ. “ಯವ್ವಾ, ಬೆಲ್ಲದ ಮನ್ಯಾಗ ಇದ್ದು ಬೆಲ್ಲ ಬಿಡ್ತೀ ಏನ?”

“ಮನ್ಯಾಗ ಇಲ್ಲದ್ದನ್ನ ಬಿಟ್ರ ಅದು ನೇಮ ಹೆಂಗ ಆಕ್ಕೇತೋ?”

ಪುಸ್ತಕ ಕಡೆಗೂ ಬಾಯಿಬಿಟ್ಟಿತು. ಬಣ್ಣಕ್ಕೆ ಹಾಕುವ ಮೊದಲು ದಾರವನ್ನು ಪಟಿಕದ ನೀರಿನಲ್ಲಿ ಅದ್ದಿ ಪೂರಾ ಒಣಗಿಸಬೇಕಿತ್ತು. ನಮ್ಮವರು ಅವಸರಕ್ಕೆ ಹಸಿ ಇರುವಾಗಲೇ ಬಣ್ಣಕ್ಕೆ ಹಾಕುತ್ತಿದ್ದರು. ಹಾಗೆ ಒಣಗಿಸಿದ ದಾರದಿಂದ ನೇಯ್ದ ಕೆಂಪು ಅರಿವೆಯನ್ನು ಸಾವಕಾರರು ಎಲ್ಲರೆದುರು ಕುದಿಯುವ ನೀರಿಗೆ ಹಾಕಿಸಿದರು. ನೀರು ತಿಳಿಯಾಗಿಯೇ ಉಳಿಯಿತು. “ನಾಳಿಂದ ಬಾರಪಾ” ಎಂದರು, ಅಷ್ಟೇ. ಅಪ್ಪ ಮತ್ತೆ ಚಾವಡಿಯ ದಾರಿ ಹಿಡಿದ.

ಆ ಅರಿವೆಯ ಒಂದು ತುಂಡನ್ನು ಅಕ್ಕೋರಿಗೆ ಒಯ್ದು ಕೊಟ್ಟೆ. ತಲೆಗೆ ಕಟ್ಟಿಕೊಂಡರು. ಯುದ್ಧ ಮುಗಿದು ಕ್ಯಾಂಪು ಖಾಲಿಯಾಗುವಾಗಲೂ ಅದೇ ಕೆಂಪು ಅರಿವೆ ತಲೆಯ ಮೇಲಿತ್ತು. ರೈಲಿನ ಕಿಟಕಿಯಿಂದ ಪಾಟಿಯನ್ನು ನನ್ನ ಕೈಗೆ ಕೊಟ್ಟರು, ಸ್ವಚ್ಛ ಒರೆಸಿದ್ದು. ಮಗ ಸಿಕ್ಕರೆ ಬರೆಯುತ್ತೇನೆ, ನಿನ್ನ ಆಯಿಗೆ ಹೇಳು ಎಂದರು.

ಪತ್ರ ಬರಲಿಲ್ಲ. ಹಬ್ಬಕ್ಕೆ ಹೋಳಿಗೆಯ ಹೂರಣ ಅರೆದು ಎಲ್ಲರಿಗೂ ಬಡಿಸಿ ಅವ್ವ ಬರಿ ಅನ್ನ ಉಣ್ಣುವಳು. ತಡೆಯಲಾರದೆ ಒಮ್ಮೆ ಅಂದೆ: “ಸಿಕ್ಕಿರಬೇಕ ಬಿಡವ್ವ, ಪತ್ರ ದಾರ್ಯಾಗ ಕಳದಿರಬೇಕ.”

“ಇರಬೇಕ ಅಂತ ನೇಮ ಬಿಡಾಕ ಬರೂದಿಲ್ಲೋ” ಎಂದಳು. ಹಾಗೆಯೇ ಇದ್ದಳು, ಹಾಗೆಯೇ ಹೋದಳು. ಅಕ್ಕೋರೂ ಎಲ್ಲೋ ಹಾಗೆಯೇ...

ಆ ಭಾಷೆಯಿಂದ ನಾನು ಮನೆ ಕಟ್ಟಿದೆ, ಮಕ್ಕಳನ್ನು ಓದಿಸಿದೆ. ಯುದ್ಧ ಮುಗಿದ ಎಷ್ಟೋ ವರ್ಷಕ್ಕೆ ಯಂತ್ರ ಕೂಡಿಸಲು ಬಂದ ಜರ್ಮನ್ ಎಂಜಿನಿಯರನೊಡನೆಯೂ ನಾನು ಚೀಟಿ ಬರೆದೇ ವ್ಯವಹಾರ ಮಾಡಿದೆ. ನಾನು ಮೂಕನೆಂದು ಅವನು ಕಡೆಯತನಕ ನಂಬಿದ್ದ.

ಮೊನ್ನೆ ಮೊಮ್ಮಗಳು ಒರೆಸುತ್ತಿದ್ದದ್ದು ಅದೇ ಪಾಟಿ. “ಅಜ್ಜಾ, ಜರ್ಮನ್ ಮಾತಾಡ ನೋಡೂಣು” ಎಂದಳು. ಬಳಪ ತೆಗೆದುಕೊಂಡು, ಉಪಕಾರ ನೆನೆಯಲು ಜರ್ಮನರು ಆಡುವ ಮಾತನ್ನು ಬರೆದೆ. ಹೇಗೆ ಓದುವುದೆಂದು ಕೇಳಿದಳು.

ತುಟಿಯ ಮೇಲೆ ಬೆರಳಿಟ್ಟೆ. ಅವಳೂ ಇಟ್ಟುಕೊಂಡಳು. ಆಮೇಲೆ ಒದ್ದೆ ಬಟ್ಟೆ ತೆಗೆದುಕೊಂಡು ನಾನೇ ಒರೆಸಿದೆ.